ಕಥೆಯೊಳಗಿನ ಚೀನೀ ಪದಗಳು

ಚೀನೀ ಭಾಷಾ ಸಾಮರ್ಥ್ಯವನ್ನು ಅಳೆಯುವ, ಆರು ಹಂತಗಳ ಎಚ್‌ಎಸ್‌ಕೆ ಪರೀಕ್ಷಾಪದ್ಧತಿಯಲ್ಲಿ ಮೂರನೆಯ ಹಂತಕ್ಕೆ 600 ಚೀನೀ ಪದಗಳು ಸಾಕಾದರೆ, ನಾಲ್ಕನೆಯದಕ್ಕೆ 1200, ಐದನೆಯದಕ್ಕೆ 2500 ಬೇಕು. ಹೀಗೆ ಸುಮಾರು ಇಮ್ಮಡಿಯಾಗುತ್ತಾ ಹೋಗುವ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಸಣ್ಣ ಕಥೆಗಳನ್ನು ಓದುವುದೇ ನನಗೆ ಹೆಚ್ಚು ಫಲಕಾರಿಯಾಗಿ ಕಾಣುತ್ತಿದೆ. ಚೀನೀ ಬರಹದಲ್ಲಿ ಪದಗಳ ನಡುವೆ ತೆರಪು ಇರುವುದಿಲ್ಲವಾದ್ದರಿಂದ, ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಓದುಗರೇ ಗುರುತಿಸಿಕೊಳ್ಳಬೇಕಾಗುತ್ತದೆ. ಈ ಅಭ್ಯಾಸವನ್ನು ಯಾವ ಪದಪಟ್ಟಿಯೂ ಕೊಡಲಾರದು. ಒಂದೇ ಕ್ರಿಯಾಪದವು ಕಥೆಯ ಬೇರೆ ಬೇರೆ ಸಂದರ್ಭಗಳಲ್ಲಿ ಮರಳಿ ಬಂದಾಗ, ಅದು ಯಾವ ನಾಮಪದಗಳೊಂದಿಗೆ ಹೊಂದುತ್ತದೆ ಎಂಬುದೂ ಮನಸ್ಸಿನಲ್ಲಿ ನಿಲ್ಲುತ್ತದೆ. ಸಾಲುಸಾಲಿಗೂ, ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ತೋರಿಸುವ ಪಿನ್‌ಯಿನ್ ಅಚ್ಚಾಗಿರುವ ಪುಸ್ತಕಗಳು ಮಾತ್ರ ನನಗೆ ಹಿಡಿಸುವುದಿಲ್ಲ, ಏಕೆಂದರೆ ಕಣ್ಣು ಚೀನೀ ಅಕ್ಷರಗಳನ್ನು ಬಿಟ್ಟು ಅತ್ತಲೇ ಓಡುತ್ತದೆ. ಪ್ರತಿ ವಾಕ್ಯಕ್ಕೂ ನಿಘಂಟು ತೆರೆಸುವ ಕಥೆಗಳನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.