ಪರಮಾಣುವಿಗೆ ವಯಸ್ಸಾಗುವುದಿಲ್ಲ

ನಮ್ಮ ಭೌತಶಾಸ್ತ್ರದ ಮೇಷ್ಟ್ರು ಪರಮಾಣುವಿನ ಪಾಠವನ್ನು ಒಂದು ಕತ್ತಲೆ ಕೋಣೆಯ ಕಥೆಯಿಂದ ಶುರು ಮಾಡಿದ್ದರು. 1909ರ ಮಾತು. ಮ್ಯಾಂಚೆಸ್ಟರ್‌ನಲ್ಲಿ ಭೌತವಿಜ್ಞಾನಿ ರುದರ್‌ಫೋರ್ಡ್ ಹತ್ತಿರ ಕೆಲಸ ಮಾಡುತ್ತಿದ್ದ ಗೈಗರ್ ಮತ್ತು ಮಾರ್ಸ್‌ಡನ್ ಇಬ್ಬರೂ ಕಣ್ಣು ಕತ್ತಲೆಗೆ ಒಗ್ಗುವವರೆಗೆ ಸುಮ್ನೆ ಕೂತಿದ್ದು, ಆಮೇಲೆ ಮೈಕ್ರೋಸ್ಕೋಪಿನಲ್ಲಿ, ಕಣ ಬಡಿದಾಗ ಮಿಣುಕುವ ಜಿಂಕ್ ಸಲ್ಫೈಡ್ ಪರದೆಯನ್ನು ನೋಡುತ್ತಾ ಮಿಣುಕುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಮಾರ್ಸ್‌ಡನ್‌ಗೆ ಆಗ 20 ವರ್ಷ, ಇನ್ನೂ ವಿದ್ಯಾರ್ಥಿ. ಇದನ್ನು ಮೇಷ್ಟ್ರು ಒತ್ತಿ ಹೇಳಿದ್ದರು, ನಮಗೂ ಹೆಚ್ಚುಕಡಿಮೆ ಅದೇ ವಯಸ್ಸು ಅಲ್ವಾ!

ತೆಳು ಲೋಹದ ಹಾಳೆಗೆ ಹೊಡೆದ ಆಲ್ಫಾ ಕಣಗಳಲ್ಲಿ (ವಿಕಿರಣಶೀಲ ವಸ್ತುವಿನಿಂದ ಹೊರಬೀಳುವ, ಧನ ಆವೇಶದ ಕಣಗಳು) ಬಹುಪಾಲು ನೇರ ದಾಟಿ ಹೋದವು. ಸುಮಾರು 8,000ಕ್ಕೆ ಒಂದು ಮಾತ್ರ ಬಂದ ದಾರಿಗೇ ತಿರುಗಿತು. ಅಂದರೆ ಒಳಗೆ ಎಲ್ಲೋ ಪುಟ್ಟದಾದ, ಗಟ್ಟಿಯಾದ, ಧನ ಆವೇಶ ಇರುವ ಏನೋ ಇದೆ. ಅದೇ ನ್ಯೂಕ್ಲಿಯಸ್ ಎಂದು ರುದರ್‌ಫೋರ್ಡ್ 1911ರಲ್ಲಿ ತೋರಿಸಿದರು. ಪರಮಾಣುವಿನ ಅಗಲದಲ್ಲಿ ಅದು ಹತ್ತಿರ ಹತ್ತಿರ ಲಕ್ಷದ ಒಂದು ಪಾಲು, ಆದರೆ ತೂಕವೆಲ್ಲ ಬಹುತೇಕ ಅಲ್ಲೇ. ಅದರೊಳಗೆ ಧನ ಆವೇಶದ ಪ್ರೋಟಾನ್ ಎಷ್ಟು ಎಂಬುದರ ಮೇಲೆ ಅದು ಯಾವ ಧಾತು ಎಂದು ತೀರ್ಮಾನವಾಗುತ್ತದೆ, ಜೊತೆಗಿರುವ, ಆವೇಶವಿಲ್ಲದ ನ್ಯೂಟ್ರಾನನ್ನು ಚಾಡ್ವಿಕ್ ಕಂಡುಹಿಡಿದದ್ದು 1932ರಲ್ಲಿ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ.

ಪುಸ್ತಕದಲ್ಲಿ ಇಲ್ಲದ್ದು ಮುಂದಿನ ತರಗತಿಯಲ್ಲಿ ಸಿಕ್ಕಿತು. ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ನಾಣ್ಯ ಕೊಟ್ಟು ಎದ್ದು ನಿಲ್ಲಿ ಎಂದರು. ಚಿಮ್ಮಬೇಕು, ತಲೆ ಬಿದ್ದವರು ಕೂರಬೇಕು. ಮೊದಲ ಸಲವೇ ಅರ್ಧದಷ್ಟು ಜನ ಕೂತರು. ಮತ್ತೆ ಚಿಮ್ಮಿದಾಗ ಉಳಿದವರಲ್ಲಿ ಅರ್ಧ. ನಿಂತವರ ಸಂಖ್ಯೆಯನ್ನು ಅವರು ಬೋರ್ಡಿನ ಮೇಲೆ ಚುಕ್ಕೆ ಇಟ್ಟು ಗುರುತಿಸುತ್ತಾ ಹೋದರು, ಗೆರೆ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನಕ್ಕೆ ಚಪ್ಪಟೆಯಾಯಿತು. ಕೊನೆಗೆ ಒಬ್ಬ ಹುಡುಗಿ ಮಾತ್ರ ನಿಂತಿದ್ದಳು. "ಈ ಸಲ ಕೂರಲೇಬೇಕು" ಎಂದು ನಾವೆಲ್ಲ ಕೂಗಿದೆವು. ಮೇಷ್ಟ್ರು ಕೈ ಎತ್ತಿ ತಡೆದು, "ಯಾಕೆ? ಅವಳು ಇಷ್ಟು ಹೊತ್ತು ನಿಂತಿದ್ದಾಳೆ ಅಂತ ನಾಣ್ಯಕ್ಕೆ ಗೊತ್ತಾ?" ಎಂದು ಕೇಳಿದರು. ಅವಳು ಚಿಮ್ಮಿದಳು. ಮತ್ತೆ ನಿಂತೇ ಇದ್ದಳು.

ನನ್ನ ಪ್ರಕಾರ ವಿಕಿರಣಶೀಲತೆಯ, ಅಂದರೆ ನ್ಯೂಕ್ಲಿಯಸ್ ತಾನಾಗಿ ಒಡೆದು ಕಣ ಅಥವಾ ಕಿರಣ ಹೊರಬಿಡುವುದರ, ತಿರುಳು ಇದೇ. ರೇಡಿಯಂ-226ರ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, ಸುಮಾರು 1,600 ವರ್ಷ. ಈಗ ತಾನೇ ಹುಟ್ಟಿದ ರೇಡಿಯಂ ಪರಮಾಣು, ಹತ್ತು ಸಾವಿರ ವರ್ಷದಿಂದ ಹಾಗೇ ಇರುವ ಇನ್ನೊಂದು, ಎರಡೂ ಮುಂದಿನ ಕ್ಷಣ ಒಡೆಯುವ ಸಾಧ್ಯತೆ ಒಂದೇ. ಹಳೆಯದು ಸವೆದಿರುವುದಿಲ್ಲ. ಕಾಯಿಸಿದರೂ ತಣ್ಣಗೆ ಮಾಡಿದರೂ ಅದು ಬದಲಾಗದು. ಯಾವುದು ಯಾವಾಗ ಒಡೆಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ಒಂದು ಗ್ರಾಂ ರೇಡಿಯಂ ಕೊಡಿ, ಸೆಕೆಂಡಿಗೆ ಸುಮಾರು 3,700 ಕೋಟಿ ಒಡೆಯುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಅಷ್ಟು ವೇಗದಲ್ಲಿ ಒಡೆದರೂ ಅರ್ಧ ಮುಗಿಯಲು 1,600 ವರ್ಷ ಬೇಕು ಎಂದರೆ ಆ ಒಂದು ಗ್ರಾಂನಲ್ಲಿ ಎಷ್ಟು ಪರಮಾಣು ಇರಬಹುದು, ನೀವೇ ಯೋಚಿಸಿ. ಈ ಇಳಿಕೆಯನ್ನು ಹೇಳುವ ಘಾತದ ಸೂತ್ರವನ್ನು ಮೊದಲು ಬರೆದು ನಂತರ ಅರ್ಥ ಹೇಳುವ ಕ್ರಮ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ನಾಣ್ಯ ಚಿಮ್ಮಿದವರಿಗೆ ಸೂತ್ರ ತಾನಾಗಿ ಬರುತ್ತದೆ.

ಆಮೇಲೆ ಲೆಕ್ಕ. ಆಲ್ಫಾ ಹೊರಬಿದ್ದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಹೋದಂತೆ. ಬೀಟಾದಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಎಲೆಕ್ಟ್ರಾನ್ ಹೊರಬರುತ್ತದೆ, ಪ್ರೋಟಾನ್ ಸಂಖ್ಯೆ ಒಂದು ಏರುತ್ತದೆ. ಯುರೇನಿಯಂ-238 ಸೀಸ-206 ಆಗಲು ಎಷ್ಟು ಆಲ್ಫಾ, ಎಷ್ಟು ಬೀಟಾ ಬೇಕು ಎಂದು ಮೇಷ್ಟ್ರು ಕೇಳಿದ್ದರು. ಈ ಸಂಖ್ಯೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ್ದು. 238ರಿಂದ 206ಕ್ಕೆ ಇಳಿಯಲು 32 ಹೋಗಬೇಕು, ಆಲ್ಫಾಗೆ ನಾಲ್ಕರಂತೆ 8 ಆಲ್ಫಾ. ಅದರಿಂದ 92 ಪ್ರೋಟಾನ್ 76ಕ್ಕೆ ಇಳಿಯುತ್ತದೆ, ಸೀಸಕ್ಕೆ ಬೇಕಾದ್ದು 82, ಹಾಗಾಗಿ 6 ಬೀಟಾ. ಉತ್ತರ ಬಂದಾಗ ಆದ ಖುಷಿ ಇನ್ನೂ ನೆನಪಿದೆ.

ನಾನು ಈಗ ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಜಾಸ್ತಿ ಬಳಸುವುದು ಟೆಕ್ನೀಷಿಯಂ-99ಎಂ ಎಂಬ, ರೋಗಿಗೆ ಚುಚ್ಚಿ ಕೊಡುವ ವಿಕಿರಣಶೀಲ ವಸ್ತು, ಅದರ ಅರ್ಧಾಯು 6 ಗಂಟೆ. ಅದರಿಂದ ಬರುವ ಗಾಮಾ ಕಿರಣ ದೇಹ ದಾಟಿ ಹೊರಗಿನ ಕ್ಯಾಮೆರಾ ಮುಟ್ಟುತ್ತದೆ. ಆಲ್ಫಾ ಆಗಿದ್ದರೆ ಒಂದು ಹಾಳೆ ಕಾಗದವನ್ನೂ ದಾಟುತ್ತಿರಲಿಲ್ಲ. ಬೆಳಿಗ್ಗೆ 8ಕ್ಕೆ ತಯಾರಿಸಿದ್ದು ಮಧ್ಯಾಹ್ನ 2ಕ್ಕೆ ಅರ್ಧ, ರಾತ್ರಿ 8ಕ್ಕೆ ಕಾಲು, ಮರುದಿನ ಬೆಳಿಗ್ಗೆ 16ರಲ್ಲಿ ಒಂದು ಪಾಲು. ರೋಗಿ ತಡವಾಗಿ ಬಂದರೆ ಸಿರಿಂಜಿಗೆ ಎಷ್ಟು ಎಳೆಯಬೇಕು ಎಂದು ಮತ್ತೆ ಲೆಕ್ಕ ಹಾಕುತ್ತೇವೆ. "ಇದು ನನ್ನ ಮೈಯಿಂದ ಯಾವಾಗ ಹೋಗುತ್ತೆ?" ಎಂದು ಅವರು ಕೇಳಿದಾಗ ನಾನು ಆರಾರು ಗಂಟೆಗೆ ಅರ್ಧರ್ಧ ಆಗುವುದನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ, ಮೂತ್ರದಲ್ಲೂ ಒಂದಷ್ಟು ಹೋಗುವುದರಿಂದ ಇದಕ್ಕಿಂತ ಬೇಗನೇ ಕಡಿಮೆಯಾಗುತ್ತದೆ, ಚೆನ್ನಾಗಿ ನೀರು ಕುಡಿಯಿರಿ ಎನ್ನುತ್ತೇನೆ.