ಕಲ್ನಾರಿನ ಕ್ಯಾನ್ಸರ್: ವಂಶದ ಪಾಲೆಷ್ಟು, ಧೂಳಿನ ಪಾಲೆಷ್ಟು?

ಮೆಸೊಥೆಲಿಯೋಮವೆಂದರೆ ಶ್ವಾಸಕೋಶ ಅಥವಾ ಹೊಟ್ಟೆಯ ಸುತ್ತಲಿನ ಪೊರೆಗೆ, ಹೆಚ್ಚಾಗಿ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ, ಬರುವ ಕ್ಯಾನ್ಸರ್. ಒಂದೇ ಮನೆಯಲ್ಲಿ ಇಬ್ಬರು ಮೂವರು ಇದರಿಂದ ತೀರಿಕೊಂಡರೆ ಅದನ್ನು ವಂಶದ ಕಾಯಿಲೆಯೆಂದು ಹೇಳಿಬಿಡುವುದು ಸುಲಭ. ಆದರೆ ಒಂದು ಕುಟುಂಬದವರಿಗೆ ರಕ್ತಸಂಬಂಧವಿರುವಂತೆಯೇ ಒಂದೇ ಸೂರಿನ ಧೂಳೂ ಪಾಲಿಗೆ ಬಂದಿರುತ್ತದೆ. 1965ರಲ್ಲಿ ಮ್ಯುರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಲಂಡನ್ನಿನಲ್ಲಿ ನಡೆಸಿದ ಅಧ್ಯಯನದಲ್ಲಿ, ಕಲ್ನಾರಿನ ಕೆಲಸವನ್ನೇ ಮಾಡದೆ, ಕೇವಲ ಕಾರ್ಮಿಕರೊಡನೆ ಒಂದೇ ಮನೆಯಲ್ಲಿ ವಾಸಿಸಿದ್ದವರೂ ಈ ರೋಗಕ್ಕೆ ತುತ್ತಾಗಿದ್ದುದು ಕಂಡುಬಂದಿತು.

ಈ ಗೋಜಲು ಅತ್ಯಂತ ಢಾಳಾಗಿ ಕಂಡದ್ದು ಟರ್ಕಿಯ ಕಪಡೋಕಿಯದಲ್ಲಿ. ಅಲ್ಲಿನ ಕರಾಯಿನ್, ತುಜ್‌ಕೊಯ್ ಮೊದಲಾದ ಹಳ್ಳಿಗಳಲ್ಲಿ ಮೆಸೊಥೆಲಿಯೋಮ ಅಸಾಧಾರಣ ಪ್ರಮಾಣದಲ್ಲಿರುವುದನ್ನು 1970ರ ದಶಕದಲ್ಲಿ ವೈದ್ಯ ಇಜ್ಜೆತ್ತಿನ್ ಬಾರಿಶ್ ಗುರುತಿಸಿದರು. ಮನೆ ಕಟ್ಟಿದ ಕಲ್ಲಿನಲ್ಲಿದ್ದ ಎರಿಯೊನೈಟ್ ಎಂಬ ನಾರುಖನಿಜ ಅದಕ್ಕೆ ಕಾರಣವಾಗಿತ್ತು (ಇದು ಕಲ್ನಾರಲ್ಲ, ಆದರೆ ಅದರಂತೆಯೇ ಹಾನಿ ಮಾಡುವಂಥದ್ದು). ಆದರೂ ಕೆಲವು ಮನೆತನಗಳಲ್ಲಿ ಸಾವಿನ ಮೇಲೆ ಸಾವು, ಇನ್ನು ಕೆಲವಲ್ಲಿ ಏನೂ ಇಲ್ಲ. 2001ರಲ್ಲಿ ಸಂಶೋಧಕ ಮಿಕೆಲೆ ಕಾರ್ಬೋನೆ ಮತ್ತು ಸಂಗಡಿಗರು ವಂಶವೃಕ್ಷಗಳನ್ನು ಬರೆದು, ರೋಗಕ್ಕೆ ಈಡಾಗುವ ಗುಣ ಆನುವಂಶಿಕವಾಗಿ ಬರುತ್ತಿರಬಹುದೆಂದು ವಾದಿಸಿದರು. ಹುಟ್ಟಿನಿಂದ ಒಂದೇ ಗೋಡೆಗಳ ನಡುವೆ ಬೆಳೆದವರ ವಂಶವೃಕ್ಷವೊಂದೇ ಇದನ್ನು ಸಾಬೀತುಪಡಿಸಲಾರದು ಎಂಬ ಆಕ್ಷೇಪ ನನಗೂ ನ್ಯಾಯವೆನಿಸುತ್ತದೆ.

ಗಟ್ಟಿ ಪುರಾವೆ ದೊರೆತದ್ದು 2011ರಲ್ಲಿ, ಅಮೆರಿಕದ ಎರಡು ಕುಟುಂಬಗಳಲ್ಲಿ. ಅವರಲ್ಲಿ ಬ್ಯಾಪ್1 ಎಂಬ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು. ಮೆಸೊಥೆಲಿಯೋಮದ ಜೊತೆಗೆ ಕಣ್ಣಿನೊಳಗಿನ ಮೆಲನೋಮ ಎಂಬ ಕ್ಯಾನ್ಸರೂ ಆ ಮನೆಗಳಲ್ಲಿ ಕಾಣಿಸಿಕೊಂಡಿತ್ತು. ಗಡ್ಡೆಗಳನ್ನು ತಡೆಯುವ ಈ ವಂಶವಾಹಿಯ ಒಂದು ಪ್ರತಿಯನ್ನು ಕಳೆದುಕೊಂಡ ಇಲಿಗಳಲ್ಲಿ, ಸಾಮಾನ್ಯ ಇಲಿಗಳಿಗೆ ಅಷ್ಟಾಗಿ ತೊಂದರೆ ಕೊಡದ ಅಲ್ಪ ಪ್ರಮಾಣದ ಕಲ್ನಾರೂ ಕ್ಯಾನ್ಸರ್ ಉಂಟುಮಾಡಿತು. ಅಂದರೆ ಬ್ಯಾಪ್1ರ ದೋಷವಿರುವವರಿಗೆ ಸ್ವಲ್ಪ ಧೂಳೂ ಹೆಚ್ಚು ಅಪಾಯಕಾರಿ.

ಅಮೆರಿಕದ ನ್ಯಾಯಾಲಯಗಳಲ್ಲಿ ಕಂಪನಿಗಳ ಪರ ವಕೀಲರು ಇದನ್ನೇ ತಿರುಗಿಸಿ, ತಪ್ಪು ವಂಶವಾಹಿಯದು, ನಮ್ಮ ಸರಕಿನದಲ್ಲ ಎಂದು ವಾದಿಸಿದ್ದುಂಟು. ಇಲಿಗಳ ಪ್ರಯೋಗ ಹೇಳುವುದು ಇದಕ್ಕೆ ವಿರುದ್ಧವಾದುದನ್ನು.

ಬ್ಯಾಪ್1ರ ದೋಷ, ಅದಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಅದಿರುವವರು ನಿಯಮಿತವಾಗಿ ಕಣ್ಣು, ಚರ್ಮ ಮತ್ತು ಮೂತ್ರಪಿಂಡದ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಕಲ್ನಾರಿಗೂ ರೋಗಕ್ಕೂ ನಡುವೆ 20ರಿಂದ 50 ವರ್ಷಗಳ ಅಂತರವಿರುವುದರಿಂದ, ಕಲ್ನಾರು ಬೆರೆತ ಸಿಮೆಂಟ್ ಶೀಟಿನ ಮಾಡು ಇನ್ನೂ ಬಳಕೆಯಲ್ಲಿರುವ ನಮ್ಮಲ್ಲಿಯೂ ವೈದ್ಯರು ಕುಟುಂಬದ ಕಾಯಿಲೆಗಳ ಜೊತೆಗೆ ರೋಗಿಯ ತಂದೆ ಯಾವ ಕೆಲಸದಲ್ಲಿದ್ದರು, ಅವರ ಬಟ್ಟೆಯನ್ನು ಮನೆಯಲ್ಲಿ ಯಾರು ಒಗೆಯುತ್ತಿದ್ದರು ಎಂಬುದನ್ನೂ ಬರೆದುಕೊಳ್ಳಬೇಕಾಗುತ್ತದೆ.