ಮುಂಬಾಗಿಲಿಲ್ಲದ ಮನೆ

"ಮುಂಬಾಗಿಲು ಎಲ್ಲೇ?" ಅಂತ ಅಮ್ಮ ರಸ್ತೆಯಲ್ಲಿ ನಿಂತೇ ಕೇಳಿದರು.

ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಕಪ್ಪು ನಾಯಕ ಮೆಡ್ಗರ್ ಎವರ್ಸ್ ಮನೆ ಎದುರು ನಿಂತಿದ್ದೆವು. ಡಲ್ಲಾಸ್‌ನಿಂದ ಆರು ಗಂಟೆಯ ದಾರಿ, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಹಿಂದಿನ ದಿನವೂ ಬಂದಿದ್ದೆವು. ಪ್ರವಾಸದ ವೆಬ್‌ಸೈಟೊಂದು ಮನೆ ತೆರೆದಿದೆ ಅಂತ ತೋರಿಸಿತ್ತು, ನೋಡಿದರೆ ಬೀಗ. ಮಂಡಿ ನೋವಿನ ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ನನಗಿನ್ನೂ ಬೇಜಾರಿದೆ. ಹೋಗುವವರು ಮೊದಲೇ ಸಮಯ ಗೊತ್ತುಮಾಡಿಕೊಂಡೇ ಹೋಗಿ.

ಮನೆಗೆ ಮುಂಬಾಗಿಲು ನಿಜಕ್ಕೂ ಇಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸುವ ಮಾಡಿನ ಕೆಳಗೆ ಬಾಗಿಲಿದೆ. ರಸ್ತೆಯಿಂದ ಯಾರಾದರೂ ಗುಂಡು ಹಾರಿಸಬಹುದು ಅಂತ ಮನೆ ಕಟ್ಟಿಸುವಾಗಲೇ ಹಾಗೆ ಮಾಡಿಸಿದ್ದರು. ಅಮ್ಮನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಿಪಟೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ತೆಗೆಯೋದೇ ಮುಂಬಾಗಿಲು. ಹೊಸಿಲು ತೊಳೆದು ರಂಗೋಲಿ ಹಾಕಿದ ಮೇಲೇ ಕಾಫಿ.

"ಅಷ್ಟು ಹೆದರಿಕೆ ಇದ್ದೂ ಇದೇ ಊರಲ್ಲಿ ಇದ್ರಾ?"

"ಇದ್ದರು ಅಮ್ಮ."

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಯುರೋಪಿನಲ್ಲಿ ಸೇವೆ ಮಾಡಿ ಬಂದವರು ಮೆಡ್ಗರ್. ವಾಪಸ್ ಬಂದು 1946ರಲ್ಲಿ ತಮ್ಮೂರು ಡಿಕೇಟರ್‌ನಲ್ಲಿ ವೋಟು ಹಾಕಲು ಹೋದರೆ, ಬಂದೂಕು ಹಿಡಿದ ಬಿಳಿಯರು ತಡೆದು ಕಳಿಸಿದರು. 1954ರಿಂದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್ಎಎಸಿಪಿ ಸಂಘಟನೆಗಾಗಿ ರಾಜ್ಯದ ಹಳ್ಳಿಹಳ್ಳಿ ಸುತ್ತಿದರು. ವೋಟಿಗೆ ಹೆಸರು ಬರೆಸುವುದು, ಕೊಲೆಯಾದವರ ಮನೆಗೆ ಹೋಗಿ ಸಾಕ್ಷಿ ಹುಡುಕುವುದು, ಇದೇ ಕೆಲಸ. 1955ರಲ್ಲಿ 14 ವರ್ಷದ ಕಪ್ಪು ಹುಡುಗ ಎಮ್ಮೆಟ್ ಟಿಲ್ ಕೊಲೆಯಾದಾಗ ಸಾಕ್ಷಿಗಳನ್ನು ಹುಡುಕಿದವರಲ್ಲಿ ಇವರೂ ಒಬ್ಬರು.

ಒಳಗೆ ಮಕ್ಕಳ ಕೋಣೆಯಲ್ಲಿ ಅಮ್ಮ ನಿಂತುಬಿಟ್ಟರು. ಗುಂಡು ಬಂದರೆ ತಲೆಯ ಮೇಲಿಂದ ಹೋಗಲಿ ಅಂತ ಮೂವರು ಮಕ್ಕಳಿಗೂ ಹಾಸಿಗೆ ನೆಲದ ಮೇಲೇ. ಸದ್ದು ಕೇಳಿದ ಕೂಡಲೇ ಬಗ್ಗಿ ಮಲಗಬೇಕು ಅಂತ ಅಪ್ಪ ಕಲಿಸಿದ್ದರು. 1963ರ ಮೇ ಕೊನೆಯಲ್ಲಿ ಯಾರೋ ಮಾಡಿನ ಕೆಳಗೆ ಬೆಂಕಿಯ ಬಾಟಲಿ ಎಸೆದಾಗ, ಹೆಂಡತಿ ಮರ್ಲಿ ಕೈತೋಟದ ಪೈಪಿನಿಂದ ನೀರು ಬಿಟ್ಟು ಆರಿಸಿದರು.

ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿ ಟಿವಿಯಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾತಾಡಿದರು. ಮರ್ಲಿ ಮತ್ತು ಮಕ್ಕಳು ಅದನ್ನು ನೋಡಿ ಅಪ್ಪನಿಗಾಗಿ ಎಚ್ಚರವಾಗಿಯೇ ಕಾದರು. ಮಧ್ಯರಾತ್ರಿ ದಾಟಿದ ಮೇಲೆ ಕಾರು ಬಂತು. ಮೆಡ್ಗರ್ ಇಳಿದು ಟೀ ಶರ್ಟುಗಳ ಕಟ್ಟು ಎತ್ತಿಕೊಂಡಿದ್ದರು ಅಷ್ಟೇ, ಎದುರಿನ ಪೊದೆಯಿಂದ ಬೆನ್ನಿಗೆ ಗುಂಡು. ಅದು ದೇಹ ದಾಟಿ, ಕಿಟಕಿ ಒಡೆದು, ಗೋಡೆ ತೂರಿ ಅಡುಗೆಮನೆಯ ಫ್ರಿಜ್‌ಗೆ ಬಡಿಯಿತು. ಕೈಯಲ್ಲಿ ಬೀಗದ ಕೈ ಹಿಡಿದೇ ಅವರು ಬಾಗಿಲ ಕಡೆ ತೆವಳಿದರು. ವಯಸ್ಸು 37.

ಗೋಡೆಯಲ್ಲಿ ಆ ತೂತು ಇದೆ. ಚಿಕ್ಕದು. ತೋರಿಸದಿದ್ದರೆ ನಾನಂತೂ ಗಮನಿಸುತ್ತಿರಲಿಲ್ಲ. ಅಮ್ಮ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು.

"ಹೊಡೆದವನಿಗೆ ಶಿಕ್ಷೆ ಆಯ್ತಾ?"

"1994ರಲ್ಲಿ."

"ಅಲ್ಲಿವರೆಗೆ?"

ಅಲ್ಲಿವರೆಗೆ ಗುಂಡು ಹೊಡೆದ ಬೈರನ್ ಡಿ ಲಾ ಬೆಕ್‌ವಿತ್‌ಗೆ ಈ ಕೊಲೆಗೆ ಶಿಕ್ಷೆಯೇ ಆಗಿರಲಿಲ್ಲ. ಅವನನ್ನು 1964ರಲ್ಲಿ ಎರಡು ಸಲ ವಿಚಾರಣೆ ಮಾಡಿದರು. ಎರಡು ಸಲವೂ ಜ್ಯೂರಿಯಲ್ಲಿ ಬರೀ ಬಿಳಿ ಗಂಡಸರು, ಅವರಲ್ಲಿ ಒಮ್ಮತ ಬರಲಿಲ್ಲ, ಹಾಗಾಗಿ ತೀರ್ಪೇ ಆಗಲಿಲ್ಲ. ಮರ್ಲಿ ಬಿಡಲಿಲ್ಲ. 31 ವರ್ಷ ಹಿಡಿಯಿತು. ಇದನ್ನು ಹೇಳುವಾಗ ನನ್ನ ದನಿ ಜೋರಾಯಿತು ಅಂತ ಕಾಣುತ್ತೆ, ಅಮ್ಮ ನನ್ನ ಕೈ ಹಿಡಿದುಕೊಂಡರು.

ಮಧ್ಯಾಹ್ನ ಮಿಸ್ಸಿಸ್ಸಿಪ್ಪಿ ನಾಗರಿಕ ಹಕ್ಕುಗಳ ಮ್ಯೂಸಿಯಂಗೆ ಹೋದೆವು. ಬಹಳ ಚೆನ್ನಾಗಿದೆ, ಇಡೀ ದಿನ ಬೇಕು. ಕೊಲೆಗೆ ಬಳಸಿದ ಬಂದೂಕು ಅಲ್ಲೇ ಇದೆ. ಅಮ್ಮ ಅದರ ಹತ್ತಿರ ಬರಲಿಲ್ಲ.

ಊರಿನ ವಿಮಾನ ನಿಲ್ದಾಣಕ್ಕೆ ಈಗ ಮೆಡ್ಗರ್ ಅವರದೇ ಹೆಸರು. ಹೊರಡುವಾಗ ಹೆದ್ದಾರಿಯ ಬೋರ್ಡಿನಲ್ಲಿ ಅದನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಆಗಲೇ ತಿಪಟೂರಿನ ಚಿಕ್ಕಮ್ಮನಿಗೆ ಫೋನ್ ಹಚ್ಚಿದ್ದರು. "ಇಲ್ಲ ಕಣೇ, ದೇವಸ್ಥಾನ ಅಲ್ಲ. ಒಬ್ಬರ ಮನೆ. ಪಕ್ಕದಲ್ಲಿ ಬಾಗಿಲು... ಹೇಳ್ತೀನಿ ಇರು, ಮೊದಲಿಂದ ಹೇಳ್ತೀನಿ."